ಬೆಳಕಿನ ಆಜ್ಞೆ: ರಿಮೋಟ್ ಕಂಟ್ರೋಲ್ ನಡೆದು ಬಂದ ದಾರಿ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮಾತ್ರವೆಂದು ತಿಳಿಯಬೇಡಿ. ಮನೆಯಲ್ಲಿ ನೀವು ತಮ್ಮ ತಂಗಿಯರೊಡನೆ ಕಿತ್ತಾಡುವ ರಿಮೋಟಿಗೂ ಒಂದು ಇತಿಹಾಸವಿದೆ. ಅದರಲ್ಲಿ ಇಬ್ಬರ ಶ್ರಮವಿದೆ. ಕೀರ್ತಿ ಮಾತ್ರ ಬಹುಕಾಲ ಒಬ್ಬರಿಗೇ ಸಂದಿತು.

1950ರಲ್ಲಿ ಅಮೆರಿಕದ ಷಿಕಾಗೋದ ಝೆನಿತ್ ಕಂಪನಿಯು ಟಿ.ವಿ.ಯನ್ನು ಕುಳಿತಲ್ಲಿಂದಲೇ ನಡೆಸುವ ಸಾಧನವೊಂದನ್ನು ತಂದಿತು. ಅದರ ಹೆಸರು 'ಲೇಜಿ ಬೋನ್ಸ್', ಅಂದರೆ ಸೋಮಾರಿ. ಟಿ.ವಿ.ಯಿಂದ ಕುರ್ಚಿಯವರೆಗೆ ಉದ್ದನೆಯ ವೈರು ಬೇಕಿತ್ತು. ಓಡಾಡುವವರು ಅದನ್ನು ಎಡವುತ್ತಿದ್ದರು.

ವೈರಿನ ಕಾಟ ತಪ್ಪಿಸಿದವರು ಯೂಜಿನ್ ಪಾಲಿ. ಇವರು 1935ರಲ್ಲಿ ಅದೇ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಪದವಿಯಿಲ್ಲದೆಯೇ ಎಂಜಿನಿಯರ್ ಆಗಿ ಬೆಳೆದವರು. 1955ರಲ್ಲಿ ಇವರು ರೂಪಿಸಿದ 'ಫ್ಲ್ಯಾಶ್‌ಮ್ಯಾಟಿಕ್' ಒಂದು ಬಗೆಯ ಟಾರ್ಚು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕೋಶಗಳಿದ್ದವು. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ ನಡೆಯುತ್ತಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗುತ್ತಿತ್ತು!

ಆಗ ವಿಯೆನ್ನಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದಿದ್ದ ರಾಬರ್ಟ್ ಆಡ್ಲರ್ ಶಬ್ದದ ದಾರಿ ಹಿಡಿದರು. 1956ರ ಇವರ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದವನ್ನು ಟಿ.ವಿ. ಕೇಳಿಸಿಕೊಳ್ಳುತ್ತಿತ್ತು. ಸುಮಾರು 25 ವರ್ಷ ಇದೇ ಪದ್ಧತಿ ನಡೆಯಿತು. ಪತ್ರಿಕೆಗಳು ಆಡ್ಲರ್ ಅವರನ್ನೇ ರಿಮೋಟಿನ ಪಿತಾಮಹ ಎಂದವು. ಪಾಲಿ ಹೆಸರು ಹಿಂದೆ ಸರಿಯಿತು.

ಆದರೆ ಗಮನಿಸಿ, 1980ರ ದಶಕದಲ್ಲಿ ಬೆಳಕೇ ಮರಳಿ ಬಂದಿತು. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಪ್ರತಿ ಗುಂಡಿಗೂ ಒಂದು ಸಂಖ್ಯೆ. ಗುಂಡಿ ಒತ್ತಿದಾಗ ರಿಮೋಟಿನ ತುದಿಯ ದೀಪವು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುತ್ತಾ, ನಡುನಡುವೆ ತಡೆದು ಆ ಸಂಖ್ಯೆಯನ್ನು ಹೇಳುತ್ತದೆ. ಬಿಸಿಲು ಹೀಗೆ ಮಿಡಿಯುವುದಿಲ್ಲವಾದ್ದರಿಂದ ಹಳೆಯ ತೊಂದರೆ ನೀಗಿತು.

ಮುಂದೆ ಮನೆಯ ಕಂಪ್ಯೂಟರಿನಲ್ಲೇ ಹಾಡು, ಚಲನಚಿತ್ರ, ಫೋಟೋಗಳನ್ನು ಇಟ್ಟುಕೊಂಡು ಟಿ.ವಿ. ಪರದೆಯಲ್ಲಿ ನೋಡುವ ಕಾಲ ಬಂತು. ಹತ್ತು ಅಡಿ ದೂರದಲ್ಲಿ ಕುಳಿತವರಿಗೆ ಕೀಬೋರ್ಡು, ಮೌಸು ಒಗ್ಗಲಿಲ್ಲ. 2002ರಲ್ಲಿ ಮೈಕ್ರೋಸಾಫ್ಟ್ ತಂದ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಆವೃತ್ತಿಗೆ ದೊಡ್ಡ ಅಕ್ಷರಗಳ ಪರದೆಯೂ ಹಸಿರು ಗುಂಡಿಯ ರಿಮೋಟೂ ಇದ್ದವು. ಲಿನಕ್ಸ್ ಬಳಸುವವರಿಗೆ ಲಿರ್ಕ್ ಎಂಬ ಉಚಿತ ತಂತ್ರಾಂಶ ದೊರೆಯಿತು. ಕಂಪ್ಯೂಟರಿಗೆ ಅವಕೆಂಪು ಬೆಳಕಿನ ಗ್ರಾಹಕವೊಂದನ್ನು ಜೋಡಿಸಿ, 'ಈ ಮಿಡಿತ ಬಂದರೆ ಹಾಡು ನಿಲ್ಲಿಸು, ಆ ಮಿಡಿತ ಬಂದರೆ ಮುಂದಿನದು' ಎಂದು ಬರೆದಿಟ್ಟರೆ ಸಾಕು, ಮೂಲೆಗೆ ಬಿದ್ದ ಹಳೆಯ ರಿಮೋಟೂ ಕೆಲಸಕ್ಕೆ ಬರುತ್ತದೆ. ಟಿ.ವಿ.ಯಲ್ಲಿ ಗುಂಡಿಯ ಅರ್ಥವನ್ನು ಕಾರ್ಖಾನೆ ನಿಶ್ಚಯಿಸಿದರೆ, ಇಲ್ಲಿ ಅದನ್ನು ಬಳಸುವವನೇ ನಿಶ್ಚಯಿಸಬಹುದು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನು ಕೈಬಿಡಲಾಯಿತು. ಹೀಗೆ ಬಳಕೆದಾರರೇ ಅರ್ಥ ಬರೆಯಬಲ್ಲ ಮುಕ್ತ ತಂತ್ರಾಂಶಗಳು ಮುಂದುವರಿದವು.

1997ರಲ್ಲಿ ಪಾಲಿ, ಆಡ್ಲರ್ ಇಬ್ಬರಿಗೂ ಈ ಆವಿಷ್ಕಾರಕ್ಕಾಗಿ ಎಮ್ಮಿ ಗೌರವ ಸಂದಿತು. ಪಾಲಿಯವರ ಟಾರ್ಚಿಗೆ ಆಗ 42 ವರ್ಷ! ಆಡ್ಲರ್ 2007ರಲ್ಲೂ ಪಾಲಿ 2012ರಲ್ಲೂ ತೀರಿಕೊಂಡರು.

ಮಿತ್ರರೇ, ಆಡ್ಲರ್ ಅವರ ವಿದ್ವತ್ತು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ನಮ್ಮ ಕೈಯಲ್ಲಿರುವ ಬಹುಪಾಲು ರಿಮೋಟುಗಳು ನಡೆಯುತ್ತಿರುವುದು ಗೋದಾಮಿನಿಂದ ಬಂದ ಆ ಮನುಷ್ಯ ತೋರಿದ ಬೆಳಕಿನ ದಾರಿಯಲ್ಲೇ. ನಿಮ್ಮಲ್ಲಿ ಯಾರಿಗಾದರೂ ಅಂಕಪಟ್ಟಿಯ ಕಾರಣದಿಂದ ಧೈರ್ಯ ಕುಂದಿದ್ದರೆ ಪಾಲಿಯವರನ್ನು ನೆನೆಯಿರಿ. ಮೊದಲ ಪ್ರಯತ್ನದಲ್ಲಿ ಕೊರತೆ ಇದ್ದಮಾತ್ರಕ್ಕೆ ಹಿಡಿದ ದಾರಿಯೇ ತಪ್ಪೆಂದು ತೀರ್ಮಾನಿಸಬೇಡಿ.