ಡೆಲ್ ಟ್ಯಾಗ್

ಡೆಲ್ ಎಂಬುದು ಜಾಲಪುಟಗಳನ್ನು ರಚಿಸಲು ಬಳಸುವ ಎಚ್‌ಟಿಎಂಎಲ್ ಭಾಷೆಯಲ್ಲಿ, ದಾಖಲೆಯೊಂದರಿಂದ ತೆಗೆದುಹಾಕಲಾದ ಪಠ್ಯವನ್ನು ಗುರುತಿಸುವ ಟ್ಯಾಗ್. 'ಅಳಿಸು' ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲ ಮೂರು ಅಕ್ಷರಗಳೇ ಇದರ ಹೆಸರು. ಸೇರಿಸಿದ ಪಠ್ಯವನ್ನು ಸೂಚಿಸುವ ಇನ್ಸ್ ಇದರ ಜೊತೆಗಾರ. ಎರಡೂ 1997ರ ಡಿಸೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 4.0 ಆವೃತ್ತಿಯಲ್ಲಿದ್ದವು. ಬ್ರೌಸರುಗಳು ಸಾಮಾನ್ಯವಾಗಿ ಡೆಲ್ ಪಠ್ಯದ ನಡುವೆ ಅಡ್ಡಗೆರೆಯನ್ನೂ ಇನ್ಸ್ ಪಠ್ಯದ ಕೆಳಗೆ ಗೆರೆಯನ್ನೂ ಎಳೆಯುತ್ತವೆ.

== ಬಳಕೆ ==
ಮೈಸೂರು ನಗರದ ಕೆಸರೆಯ ವಿಳಾಸವಿರುವ ಹಳೆಯ ದಾಖಲೆಯೊಂದನ್ನು ತಿದ್ದಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮೈಸೂರು ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕವೆಂದು ಮರುನಾಮಕರಣಗೊಂಡಿತು. ಆಗ ತಿದ್ದುಪಡಿ ಹೀಗಿರುತ್ತದೆ (ನಿಜವಾದ ಪುಟದಲ್ಲಿ ಟ್ಯಾಗ್‌ನ ಹೆಸರು ರೋಮನ್ ಲಿಪಿಯಲ್ಲಿರಬೇಕು):

: ಕೆಸರೆ, ಮೈಸೂರು, <ಡೆಲ್>ಮೈಸೂರು ರಾಜ್ಯ</ಡೆಲ್> <ಇನ್ಸ್>ಕರ್ನಾಟಕ</ಇನ್ಸ್>

ಈ ಟ್ಯಾಗ್‌ಗೆ 'ಡೇಟ್‌ಟೈಮ್' ಮತ್ತು 'ಸೈಟ್' ಎಂಬ ಎರಡು ಗುಣಲಕ್ಷಣಗಳನ್ನು ಸೇರಿಸಬಹುದು. ಎರಡನೆಯದು ತಿದ್ದುಪಡಿಯ ಕಾರಣವನ್ನು ವಿವರಿಸುವ ಪುಟದ ವಿಳಾಸ. ಮೊದಲನೆಯದರಲ್ಲಿ ಗೊಂದಲ ಉಂಟಾಗುವುದು ಸಹಜ: ಅಲ್ಲಿ ಬರೆಯಬೇಕಾದುದು ದಾಖಲೆಯನ್ನು ತಿದ್ದಿದ ದಿನಾಂಕವೇ ಹೊರತು ರಾಜ್ಯದ ಹೆಸರು ಬದಲಾದ 1973ರ ದಿನಾಂಕವಲ್ಲ.

== ಇತರ ಟ್ಯಾಗ್‌ಗಳು ==
'ಸ್ಟ್ರೈಕ್' ಟ್ಯಾಗ್ ಕೇವಲ ಗೆರೆ ಎಳೆಯುತ್ತಿತ್ತು; ಅದೀಗ ಬಳಕೆಯಿಂದ ಹೊರಗಿದೆ. 'ಎಸ್' ಟ್ಯಾಗ್ ಅನ್ನು ಎಚ್‌ಟಿಎಂಎಲ್5ರಲ್ಲಿ, ಈಗ ಸರಿಯಲ್ಲದ ಅಥವಾ ಪ್ರಸ್ತುತವಲ್ಲದ ಮಾಹಿತಿಗೆ ಮೀಸಲಿಡಲಾಗಿದೆ. ರಿಯಾಯಿತಿಗೆ ಮುಂಚಿನ ಬೆಲೆಗೆ ಎಸ್ ಸೂಕ್ತ. ದಾಖಲೆಯಲ್ಲಿ ಮಾಡಿದ ತಿದ್ದುಪಡಿಗೆ ಡೆಲ್ ಸೂಕ್ತ.

== ಮಿತಿಗಳು ==
ಡೆಲ್ ಪಠ್ಯವನ್ನು ಮರೆಮಾಡುವುದಿಲ್ಲ. ಗೆರೆಯ ಹಿಂದಿನ ಅಕ್ಷರಗಳನ್ನು ಯಾರು ಬೇಕಾದರೂ ಓದಬಹುದು, ನಕಲಿಸಬಹುದು. ಆದುದರಿಂದ ತಪ್ಪಾಗಿ ಪ್ರಕಟವಾದ ದೂರವಾಣಿ ಸಂಖ್ಯೆಯಂತಹ ಖಾಸಗಿ ವಿವರವನ್ನು ಪುಟದಿಂದಲೇ ತೆಗೆಯಬೇಕು.

ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುಗ ತಂತ್ರಾಂಶಗಳಲ್ಲಿ ಅನೇಕವು ಈ ಗೆರೆಯನ್ನು ತಾವಾಗಿ ತಿಳಿಸುವುದಿಲ್ಲ. ಪರೀಕ್ಷೆಯ ಹಳೆಯ ಮತ್ತು ಹೊಸ ದಿನಾಂಕಗಳೆರಡೂ ಅಕ್ಕಪಕ್ಕದಲ್ಲಿದ್ದರೆ, ಕೇಳುವ ವಿದ್ಯಾರ್ಥಿಗೆ ಎರಡೂ ಸಮಾನವಾಗಿಯೇ ಕೇಳಿಸುತ್ತವೆ. ಇಂತಹ ಕಡೆ 'ದಿನಾಂಕ ಬದಲಾಗಿದೆ' ಎಂದು ಮಾತಿನಲ್ಲಿಯೇ ಬರೆಯುವುದು ಕ್ಷೇಮ.

ಕನ್ನಡ ಲಿಪಿಯಲ್ಲಿ ಇನ್ನೊಂದು ತೊಡಕಿದೆ. ಅಡ್ಡಗೆರೆ ಮೂಲಾಕ್ಷರದ ಮೇಲೆ ಹಾಯುತ್ತದೆ. 'ರಾಷ್ಟ್ರ', 'ವಿಶ್ವ' ಮೊದಲಾದ ಪದಗಳ ಒತ್ತಕ್ಷರಗಳು ಗೆರೆಯ ಕೆಳಗೆ ಹಾಗೆಯೇ ಉಳಿಯುತ್ತವೆ. ಸಣ್ಣ ಅಕ್ಷರಗಾತ್ರದಲ್ಲಿ ಗೆರೆಯು ಅಕ್ಷರದ ಅಡ್ಡರೇಖೆಗಳೊಡನೆ ಬೆರೆತು ಕಾಣುವುದರಿಂದ, ಶೈಲಿಹಾಳೆಯಲ್ಲಿ ಗೆರೆಗೆ ಬೇರೆ ಬಣ್ಣ ನೀಡುವುದುಂಟು.