ಗಡಿಯಾಚೆಯ ಮನೆ, ಎರಡು ಪಾಲು

ದಂಪತಿ ಬೇರೆಯಾಗುವಾಗ ಮನೆಗೆ ಬೆಲೆ ಕಟ್ಟುವುದೆಂದರೆ ನಿಮಗೆ ಥಟ್ಟನೆ ನೆನಪಾಗುವುದು ಚದರಡಿಯ ಲೆಕ್ಕ, ಅಳತೆಯ ಟೇಪು, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರ. ಇವೆಲ್ಲ ಬೇಕಾದವೇ. ಆದರೆ ಇದಕ್ಕೂ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಒಂದಿದೆ: ಮನೆ ಯಾರದು?

ಕರ್ನಾಟಕದಲ್ಲಿ ಕ್ರಯಪತ್ರ ಗಂಡನ ಹೆಸರಿನಲ್ಲಿದ್ದರೆ, ಹೆಂಡತಿ ಇಪ್ಪತ್ತು ವರ್ಷ ಆ ಸಂಸಾರ ತೂಗಿಸಿದ್ದರೂ ಅಷ್ಟರಿಂದಲೇ ಆಕೆಗೆ ಒಡೆತನ ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಲ್ಲಿರುವುದು ಮದುವೆಯ ಆಸುಪಾಸಿನಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಮಾತು ಮಾತ್ರ. ಜೀವನಾಂಶ ಬೇರೆ, ವಾಸದ ಹಕ್ಕು ಬೇರೆ, ಪಾಲು ಬೇರೆ.

ಕಾರವಾರ ದಾಟಿ, ಮಾಜಾಳಿಯ ಗಡಿಯಾಚೆ ಗೋವಾಕ್ಕೆ ಕಾಲಿಟ್ಟರೆ ಉತ್ತರವೇ ಬೇರೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ 1870ರಿಂದ ಅಲ್ಲಿ ಜಾರಿಗೆ ಬಂತು. ಮದುವೆಗೆ ಮುನ್ನ ಬೇರೆ ಕರಾರು ಬರೆದುಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿಯೆಲ್ಲ ಒಂದೇ. ಅದರಲ್ಲಿ ಇಬ್ಬರಿಗೂ ಅರ್ಧರ್ಧ. 1910ರಲ್ಲಿ ಪೋರ್ಚುಗಲ್ ಗಣರಾಜ್ಯವಾದ ಮೇಲೆ ವಿಚ್ಛೇದನದ ಕಾನೂನೂ ಬಂತು. 1961ರಲ್ಲಿ ಗೋವಾ ವಿಮೋಚನೆಯಾದರೂ, 1962ರ ಆಡಳಿತ ಕಾಯ್ದೆಯು ಹಳೆಯ ಕಾನೂನುಗಳನ್ನು ಮುಂದುವರಿಸಿತು.

ಅಲ್ಲಿನ ವಿಭಜನೆಯ ಕ್ರಮ ಕುತೂಹಲಕರವಾದದ್ದು. ಮೊದಲು ನ್ಯಾಯಾಲಯದ ಮುಂದೆ ಆಸ್ತಿಯ ಪಟ್ಟಿ, ಬಳಿಕ ಬೆಲೆ. ಅನಂತರ ಹರಾಜು, ಹೊರಗಿನವರಿಗಲ್ಲ, ಪಾಲುದಾರರೊಳಗೇ. ಇದಕ್ಕೆ ಲಿಸಿಟೇಷನ್ ಎನ್ನುತ್ತಾರೆ. ಉದಾಹರಣೆಗೆ, ಇರುವುದು ಒಂದೇ ಮನೆ, ಕಟ್ಟಿದ ಬೆಲೆ 8 ಲಕ್ಷ ಎಂದಿಟ್ಟುಕೊಳ್ಳಿ. ಹೆಂಡತಿ 10 ಲಕ್ಷಕ್ಕೆ ಕೂಗಿದಳು, ಗಂಡ ಸುಮ್ಮನಾದ. ಮನೆ ಅವಳದಾಯಿತು, ಅವನ ಅರ್ಧ, 5 ಲಕ್ಷ, ಅವಳು ಕೊಡಬೇಕು. ಕಡಿಮೆ ಬೆಲೆ ಕಟ್ಟಿಸಿ ಮನೆ ಹೊಡೆದುಕೊಳ್ಳುವ ಆಸೆ ಇಲ್ಲಿ ಸುಲಭವಾಗಿ ಈಡೇರುವುದಿಲ್ಲ, ಎದುರಾಳಿ ಮೇಲೆ ಕೂಗಬಹುದಲ್ಲ! ಆದರೆ ಕೂಗಲು ಕೈಯಲ್ಲಿ ಕಾಸಿರಬೇಕು ಎಂಬುದೂ ಅಷ್ಟೇ ನಿಜ. ದುಡಿಮೆಯಿಲ್ಲದ ಹೆಣ್ಣಿಗೆ ಸಿಗುವುದು ಹೆಚ್ಚಾಗಿ ಹಣ, ಮನೆಯಲ್ಲ.

ಗೋವಾದ ಈ ಸಂಹಿತೆಯನ್ನು ಹೊಗಳುವವರು ಇನ್ನೊಂದು ಮಾತನ್ನು ಮರೆಯುತ್ತಾರೆ. ಮೂಲ ಸಂಹಿತೆಯಲ್ಲಿ ಒಡೆತನ ಸಮವಾದರೂ ಆಡಳಿತ ಗಂಡನದೇ. ಸ್ಥಿರಾಸ್ತಿ ಮಾರಲು ಮಾತ್ರ ಹೆಂಡತಿಯ ಒಪ್ಪಿಗೆ ಬೇಕು. ಆ ಒಂದು ಸಹಿಯೇ ಎಷ್ಟೋ ಮನೆಗಳನ್ನು ಕಾಪಾಡಿರಬೇಕೆಂದು ನನ್ನ ಅನಿಸಿಕೆ. ಉತ್ತರಾಧಿಕಾರ ಮತ್ತು ಆಸ್ತಿಪಟ್ಟಿಯ ವಿಧಾನಗಳನ್ನು ಗೋವಾ ವಿಧಾನಸಭೆ 2012ರ ಕಾಯ್ದೆಯಲ್ಲಿ ಹೊಸದಾಗಿ ಬರೆಯಿತು. ಅದು ಜಾರಿಗೆ ಬಂದದ್ದು 2016ರ ಡಿಸೆಂಬರಿನಲ್ಲಿ.

ಉಳಿದ ಭಾರತದಲ್ಲೂ ಪ್ರಯತ್ನವಾಗದೆ ಇಲ್ಲ. ಸರಿಪಡಿಸಲಾಗದಷ್ಟು ಮುರಿದ ದಾಂಪತ್ಯ ಕೊನೆಗೊಳ್ಳುವಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಲೋಕಸಭೆಯಲ್ಲಿ ಅದು ಅಂಗೀಕಾರವಾಗಲಿಲ್ಲ. 2014ರಲ್ಲಿ ಸದನ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು.