ಐಶ್ವರ್ಯ ಮತ್ತು ದೈವವಿಧೇಯತೆ (ಕ್ರೈಸ್ತ ಧರ್ಮ)

ಐಶ್ವರ್ಯಕ್ಕಿಂತ ದೇವರ ಆಜ್ಞೆಗೆ ವಿಧೇಯರಾಗಿ ನಡೆಯುವುದೇ ಮೇಲು ಎಂಬುದು ಕ್ರೈಸ್ತ ಧರ್ಮದ ಮೂಲ ಬೋಧನೆಗಳಲ್ಲಿ ಒಂದು. ಸಂಪತ್ತು ಹೊಂದಿರುವುದೇ ಪಾಪವೆಂದು ಈ ಬೋಧನೆ ಹೇಳುವುದಿಲ್ಲ. ದೇವರಿಗೆ ಸಲ್ಲಬೇಕಾದ ಸ್ಥಾನವನ್ನು ಸಂಪತ್ತು ಆಕ್ರಮಿಸುವುದನ್ನು ಅದು ವಿರೋಧಿಸುತ್ತದೆ.

ಬೈಬಲಿನಲ್ಲಿ

ಈ ಬೋಧನೆಯ ಪ್ರಮುಖ ಆಧಾರ ಐಶ್ವರ್ಯವಂತನೊಬ್ಬನ ಪ್ರಸಂಗ. ಇದು ಮತ್ತಾಯ (19:16–30), ಮಾರ್ಕ (10:17–31) ಮತ್ತು ಲೂಕ (18:18–30) ಸುವಾರ್ತೆಗಳಲ್ಲಿ ಬರುತ್ತದೆ. ನಿತ್ಯಜೀವಕ್ಕಾಗಿ ಏನು ಮಾಡಬೇಕೆಂದು ಆತನು ಯೇಸುವನ್ನು ಕೇಳುತ್ತಾನೆ. ಆಜ್ಞೆಗಳನ್ನೆಲ್ಲ ಪಾಲಿಸಿರುವುದಾಗಿ ಹೇಳಿದ ಆತನಿಗೆ, ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸುವಂತೆ ಯೇಸು ಸೂಚಿಸುತ್ತಾನೆ. ಬಹಳ ಆಸ್ತಿಯುಳ್ಳವನಾದ ಆತನು ದುಃಖದಿಂದ ಹೊರಟುಹೋಗುತ್ತಾನೆ. ಒಂಟೆ ಮತ್ತು ಸೂಜಿಯ ಕಣ್ಣಿನ ಪ್ರಸಿದ್ಧ ಹೋಲಿಕೆ ಬರುವುದು ಇದೇ ಸಂದರ್ಭದಲ್ಲಿ.

ಲೂಕನ 19ನೆಯ ಅಧ್ಯಾಯದ ಜಕ್ಕಾಯನ ಕಥೆ ಇದಕ್ಕೆ ಪ್ರತಿರೂಪವಾಗಿದೆ. ಸುಂಕದವರ ಮುಖ್ಯಸ್ಥನಾದ ಆತನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವುದಾಗಿಯೂ ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಹೇಳುತ್ತಾನೆ. ಆತನ ಮನೆಗೆ ರಕ್ಷಣೆಯಾಯಿತೆಂದು ಯೇಸು ಘೋಷಿಸುತ್ತಾನೆ.

ವ್ಯಾಖ್ಯಾನಗಳು

ಅಲೆಕ್ಸಾಂಡ್ರಿಯದ ಕ್ಲೆಮೆಂಟನು ತ್ಯಜಿಸಬೇಕಾದುದು ಆಸ್ತಿಯನ್ನಲ್ಲ, ಅದರ ಮೇಲಿನ ವ್ಯಾಮೋಹವನ್ನು ಎಂದು ವಿವರಿಸಿದನು. ಈಜಿಪ್ಟಿನ ಸಂತ ಅಂತೋಣಿಯಾದರೋ ಸುವಾರ್ತೆಯ ಈ ಮಾತನ್ನು ಅಕ್ಷರಶಃ ಸ್ವೀಕರಿಸಿ ತನ್ನ ಜಮೀನನ್ನು ಬಿಟ್ಟುಕೊಟ್ಟನು. 13ನೆಯ ಶತಮಾನದಲ್ಲಿ ಬಟ್ಟೆ ವ್ಯಾಪಾರಿಯ ಮಗನಾದ ಅಸ್ಸಿಸಿಯ ಫ್ರಾನ್ಸಿಸ್ ತಂದೆಯ ಸಂಪತ್ತನ್ನು ತೊರೆದನು. ಕಥೋಲಿಕ ಸನ್ಯಾಸಿ ಸಂಘಗಳಲ್ಲಿ ಬಡತನವು ಬ್ರಹ್ಮಚರ್ಯ ಮತ್ತು ವಿಧೇಯತೆಗಳೊಡನೆ ಮೂರು ವ್ರತಗಳಲ್ಲಿ ಒಂದಾಗಿದೆ. ಪ್ರಾಟೆಸ್ಟಂಟ್ ಪರಂಪರೆಯು ಸಾಮಾನ್ಯವಾಗಿ ವ್ರತಕ್ಕಿಂತ ಪ್ರಾಮಾಣಿಕ ದುಡಿಮೆ ಮತ್ತು ದಾನಕ್ಕೆ ಒತ್ತು ನೀಡುತ್ತದೆ.

ಕರ್ನಾಟಕದಲ್ಲಿ

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕಾರ್ಯ ಆರಂಭಿಸಿತು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಹಾಗೂ ಬಿಜಾಪುರಗಳಲ್ಲಿ (ಇಂದಿನ ವಿಜಯಪುರ) ಕೇಂದ್ರಗಳನ್ನು ತೆರೆಯಿತು. ಅಂದು ಮತಾಂತರಗೊಂಡವರಿಗೆ ಮನೆ, ಜಾತಿ ಮತ್ತು ಜೀವನೋಪಾಯಗಳು ಒಟ್ಟಿಗೆ ಕೈತಪ್ಪುತ್ತಿದ್ದವು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ಪಿತ್ರಾರ್ಜಿತ ಆಸ್ತಿಯ ಹಕ್ಕಿಗೂ ಧಕ್ಕೆಯಿತ್ತು. 1850ರ 21ನೆಯ ಕಾಯಿದೆಯು ಆ ಹಕ್ಕನ್ನು ರಕ್ಷಿಸಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ಈ ಕಾಯಿದೆಗೆ ಆರು ವರ್ಷ ಮೊದಲು, 1844ರಲ್ಲಿ ದೀಕ್ಷಾಸ್ನಾನ ಪಡೆದರು. ಅವರ ಪತ್ನಿ ಅವರೊಡನೆ ಬರಲಿಲ್ಲ. ಬಾಸೆಲ್‌ನಲ್ಲಿ ಶಿಕ್ಷಣ ಪಡೆದು 1851ರಲ್ಲಿ ಅವರು ಪಾದ್ರಿಯಾದರು. ಆಶ್ರಯ ಕಳೆದುಕೊಂಡವರಿಗೆ ಉದ್ಯೋಗ ಒದಗಿಸಲು ಮಿಷನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ನಡೆಸಿತು.

ವಿಜಯಪುರ ಪರಿಸರದ ಸಮಾನ ಆದರ್ಶಗಳು

ವಿಜಯಪುರ ಜಿಲ್ಲೆಯಲ್ಲಿ ಜನಿಸಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದುಕೊಂಡೇ ಕಾಯಕ ಮತ್ತು ದಾಸೋಹವನ್ನು ಬೋಧಿಸಿದರು. ಇಲ್ಲಿ ದುಡಿಮೆಯ ತ್ಯಾಗಕ್ಕಿಂತ ಗಳಿಕೆಯನ್ನು ಸಮಾಜಕ್ಕೆ ಸಲ್ಲಿಸುವುದು ಮುಖ್ಯ. ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ತಿಕೋಟಾ ಮತ್ತು ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದ ಮುಖ್ಯಸ್ಥರಾಗಿದ್ದ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ವಿನಯಪೂರ್ವಕವಾಗಿ ನಿರಾಕರಿಸಿದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ನಿರ್ಮಿಸಬಾರದು ಎಂದು ಅವರು ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಈ ಪರಂಪರೆಗಳ ತತ್ತ್ವಾಧಾರಗಳು ಕ್ರೈಸ್ತ ಬೋಧನೆಯಿಂದ ಭಿನ್ನವಾಗಿದ್ದರೂ, ಸಂಪತ್ತು ಮನುಷ್ಯನ ಒಡೆಯನಾಗಬಾರದೆಂಬ ನಿಲುವು ಸಮಾನವಾಗಿದೆ.